ವಿಮಾನ ಅಪಘಾತಗಳ ತನಿಖೆ

ನಾಗರಿಕ ವಿಮಾನವೊಂದು ಅಪಘಾತಕ್ಕೀಡಾದಾಗ ಅದು ಏಕೆ ಆಯಿತೆಂದು ತಿಳಿದು, ಅಂಥದು ಮರುಕಳಿಸದಂತೆ ಮಾಡಲು ನಡೆಸುವ ತಾಂತ್ರಿಕ ವಿಚಾರಣೆಗೆ ವಿಮಾನ ಅಪಘಾತ ತನಿಖೆ ಎಂದು ಹೆಸರು. ಪೊಲೀಸ್ ತನಿಖೆಯಂತೆ ಇದು ಆರೋಪಿಯನ್ನು ಹುಡುಕುವುದಿಲ್ಲ. ಸಿವಿಲ್ ದಾವೆಯಂತೆ ಯಾರಿಗೆ ಎಷ್ಟು ಪರಿಹಾರ ಎಂದು ತೀರ್ಮಾನಿಸುವುದೂ ಇಲ್ಲ. ಪೈಲಟ್ ತಪ್ಪು ಮಾಡಿದ್ದು ಸಾಬೀತಾದರೂ ತನಿಖೆ ಅಲ್ಲಿಗೆ ಮುಗಿಯುವುದಿಲ್ಲ. ಸಾವಿರಾರು ಗಂಟೆ ಹಾರಿದವರಿಗೆ ಆ ಹೊತ್ತಿನಲ್ಲಿ ಆ ನಿರ್ಧಾರ ಸರಿಯೆಂದು ಏಕೆ ಕಂಡಿತು, ಪಕ್ಕದಲ್ಲಿದ್ದವರು ಏಕೆ ತಡೆಯಲಿಲ್ಲ, ಯಂತ್ರ ಕೊಟ್ಟ ಎಚ್ಚರಿಕೆ ಏಕೆ ಕೆಲಸಕ್ಕೆ ಬರಲಿಲ್ಲ ಎಂಬ ಪ್ರಶ್ನೆಗಳು ಅಲ್ಲಿಂದಲೇ ಶುರುವಾಗುತ್ತವೆ.

ಈ ಕೆಲಸಕ್ಕೆ ಜಗತ್ತಿನೆಲ್ಲೆಡೆ ಆಧಾರವಾಗಿರುವುದು 1944ರ ಷಿಕಾಗೊ ಒಪ್ಪಂದದ 13ನೆಯ ಅನುಬಂಧ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇದನ್ನು ಮೊದಲು ಅಂಗೀಕರಿಸಿದ್ದು 1951ರಲ್ಲಿ. ಹಾರಾಟಕ್ಕೆಂದು ಜನ ವಿಮಾನ ಹತ್ತಲು ಆರಂಭಿಸಿದಾಗಿನಿಂದ ಎಲ್ಲರೂ ಇಳಿದು ಮುಗಿಯುವವರೆಗಿನ ಅವಧಿಯಲ್ಲಿ ಯಾರಾದರೂ ಸತ್ತರೆ ಅಥವಾ ತೀವ್ರವಾಗಿ ಗಾಯಗೊಂಡರೆ, ವಿಮಾನದ ರಚನೆಗೆ ದೊಡ್ಡ ಪೆಟ್ಟಾದರೆ, ಇಲ್ಲವೇ ವಿಮಾನವೇ ಕಾಣೆಯಾದರೆ ಅದು ಅಪಘಾತ. ಕೂದಲೆಳೆಯಲ್ಲಿ ತಪ್ಪಿದ ಘಟನೆಗಳನ್ನು ‘ಗಂಭೀರ ಘಟನೆ’ ಎಂಬ ಬೇರೆ ಹೆಸರಿನಲ್ಲಿ ಕರೆದರೂ ಅವುಗಳ ತನಿಖೆಯೂ ಇದೇ ಕ್ರಮದಲ್ಲಿ ನಡೆಯುತ್ತದೆ. ಅಪಘಾತ ಯಾವ ದೇಶದ ನೆಲದಲ್ಲಿ ಆಯಿತೋ ಆ ದೇಶದ್ದೇ ತನಿಖೆಯ ಹೊಣೆ. ವಿಮಾನ ನೋಂದಣಿಯಾದ ದೇಶ, ಅದನ್ನು ಹಾರಿಸುತ್ತಿದ್ದ ಸಂಸ್ಥೆಯ ದೇಶ, ವಿನ್ಯಾಸ ಮಾಡಿದ ಮತ್ತು ತಯಾರಿಸಿದ ದೇಶಗಳು ತಮ್ಮ ಪ್ರತಿನಿಧಿಗಳನ್ನು ಕಳಿಸಬಹುದು. ಭಾರತದಲ್ಲಿ ಬೋಯಿಂಗ್ ವಿಮಾನ ಬಿದ್ದರೆ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯವರು ಬಂದು ಕೂರುವುದು ಈ ಹಕ್ಕಿನಿಂದ. 30 ದಿನಗಳಲ್ಲಿ ಪ್ರಾಥಮಿಕ ವರದಿ, ಸಾಧ್ಯವಾದರೆ 12 ತಿಂಗಳಲ್ಲಿ ಅಂತಿಮ ವರದಿ ಎಂಬುದು ನಿಯಮ. ಎರಡನೆಯ ಗಡುವು ಮೀರುವುದು ಸಾಮಾನ್ಯ.

ವಿಮಾನ ತನಿಖೆಯ ಇತಿಹಾಸ ವಿಮಾನದ ಇತಿಹಾಸದಷ್ಟೇ ಹಳೆಯದು. ಬ್ರಿಟನ್ನಿನ ರಾಯಲ್ ಏರೊ ಕ್ಲಬ್ 1912ರಲ್ಲೇ ಬ್ರೂಕ್‌ಲ್ಯಾಂಡ್ಸ್‌ನ ಅಪಘಾತವೊಂದರ ವರದಿ ಸಿದ್ಧಪಡಿಸಿತ್ತು. 1915ರಲ್ಲಿ ಅಲ್ಲಿನ ಸೇನೆ ಇದಕ್ಕಾಗಿಯೇ ಒಂದು ಶಾಖೆ ತೆರೆಯಿತು. ಆದರೆ ತನಿಖೆ ಒಂದು ವಿಜ್ಞಾನವಾಗಿ ಬೆಳೆದದ್ದು 1950ರ ದಶಕದ ಕಾಮೆಟ್ ದುರಂತಗಳಿಂದ.

ಕಾಮೆಟ್ ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನ. 1953ರ ಮೇ 2ರಂದು ಕಲ್ಕತ್ತದಿಂದ ದೆಹಲಿಯತ್ತ ಹೊರಟ ಕಾಮೆಟ್ ಮೇಲೇರಿದ ಕೆಲವೇ ನಿಮಿಷಗಳಲ್ಲಿ ಗುಡುಗು ಬಿರುಗಾಳಿಯ ನಡುವೆ ಒಡೆದು ಬಿದ್ದು 43 ಜನ ಸತ್ತರು. ಬಿರುಗಾಳಿಯ ಹೊಡೆತವೇ ವಿಮಾನವನ್ನು ಮುರಿದಿರಬೇಕೆಂದು ಭಾರತದಲ್ಲಿ ನಡೆದ ವಿಚಾರಣೆ ಹೇಳಿತು. ಆ ದಿನದ ಹವಾಮಾನ ನೋಡಿದರೆ ಯಾರಿಗಾದರೂ ಒಪ್ಪಿಗೆಯಾಗುವ ಉತ್ತರವೇ ಅದು. 1954ರ ಜನವರಿ 10ರಂದು ರೋಮ್‌ನಿಂದ ಹೊರಟ ಇನ್ನೊಂದು ಕಾಮೆಟ್ ಎಲ್ಬಾ ದ್ವೀಪದ ಬಳಿ ಸಮುದ್ರಕ್ಕೆ ಬಿತ್ತು. ಆಗ ಗಾಳಿ ಮಳೆಯ ನೆಪವಿರಲಿಲ್ಲ. ಹಾರಾಟ ನಿಲ್ಲಿಸಿ, ಊಹೆಗೆ ಬಂದದ್ದನ್ನೆಲ್ಲ ಸರಿಪಡಿಸಿ, ಮಾರ್ಚ್‌ನಲ್ಲಿ ಮತ್ತೆ ಹಾರಲು ಬಿಟ್ಟರು. ಎರಡು ವಾರ ಕಳೆದು, ಏಪ್ರಿಲ್ 8ರಂದು, ಮೂರನೆಯದು ನೇಪಲ್ಸ್ ಬಳಿ ಬಿತ್ತು. ಕಾರಣ ತಿಳಿಯದೆ ಮಾಡುವ ದುರಸ್ತಿ ಎಷ್ಟು ಅಪಾಯಕಾರಿ ಎನ್ನಲು ಇದಕ್ಕಿಂತ ನೋವಿನ ಉದಾಹರಣೆ ಸಿಕ್ಕಲಾರದು.

ಫಾರ್ನ್‌ಬರೊದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್‌ನಲ್ಲಿ ಆರ್ನಾಲ್ಡ್ ಹಾಲ್ ನೇತೃತ್ವದ ವಿಜ್ಞಾನಿಗಳು ಎರಡು ಕೆಲಸ ಒಟ್ಟಿಗೆ ಶುರುಮಾಡಿದರು. ಎಲ್ಬಾ ಬಳಿ ನೌಕಾಪಡೆ ಸಮುದ್ರದ ತಳದಿಂದ ಎತ್ತಿಕೊಟ್ಟ ಚೂರುಗಳನ್ನು ಒಂದೊಂದಾಗಿ ಜೋಡಿಸುವುದು ಒಂದು. ಬಳಕೆಯಲ್ಲಿದ್ದ ಇಡೀ ಕಾಮೆಟ್ ಒಂದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಪರೀಕ್ಷಿಸುವುದು ಇನ್ನೊಂದು. ತೊಟ್ಟಿಯ ಪಕ್ಕಗಳಿಂದ ರೆಕ್ಕೆಗಳು ಹೊರಚಾಚಿದ್ದವು. ಒಳಗೂ ಹೊರಗೂ ನೀರು. ಒಳಗಿನ ನೀರಿನ ಒತ್ತಡ ಏರಿಸಿ ಇಳಿಸಿದರೆ ವಿಮಾನ ಒಮ್ಮೆ ಮೇಲೇರಿ ಇಳಿದಷ್ಟು ದಣಿವು ಲೋಹಕ್ಕೆ ಆಗುತ್ತಿತ್ತು. ಗಾಳಿ ತುಂಬಿ ಇದನ್ನೇ ಮಾಡಿದ್ದರೆ ಒಡೆದ ಕೂಡಲೇ ಕವಚ ಬಾಂಬಿನಂತೆ ಸಿಡಿದು ಸಾಕ್ಷ್ಯವೇ ನಾಶವಾಗುತ್ತಿತ್ತು. ನೀರು ಹಿಗ್ಗುವುದಿಲ್ಲವಾದ್ದರಿಂದ ಬಿರುಕು ಹುಟ್ಟಿದ ಜಾಗ ಹಾಗೆಯೇ ಉಳಿಯಿತು. ನಿಜವಾದ ಹಾರಾಟಗಳೂ ತೊಟ್ಟಿಯ ಹಾರಾಟಗಳೂ ಸೇರಿ 3,057 ಆಗುವ ಹೊತ್ತಿಗೆ ಕವಚ ಕಿಟಕಿಯ ಮೂಲೆಯಿಂದ ಹರಿಯಿತು. ಎಲ್ಬಾದ ಚೂರುಗಳಲ್ಲೂ ಛಾವಣಿಯ ಆಂಟೆನಾ ಕಿಂಡಿಯ ಮೂಲೆಯಲ್ಲಿ ಲೋಹದ ದಣಿವಿನದೇ ಗುರುತು ಸಿಕ್ಕಿತು. ಒತ್ತಡದ ಕವಚವಿರುವ ವಿಮಾನವನ್ನು ಪೂರ್ಣ ಗಾತ್ರದಲ್ಲಿ ಸಾವಿರಾರು ಸಲ ದಣಿಸಿ ನೋಡುವ ಪರೀಕ್ಷೆ ಆಮೇಲೆ ವಿನ್ಯಾಸದ ಅಂಗವೇ ಆಯಿತು.

ಕಾಮೆಟ್ ಚರ್ಚೆಯಿಂದಲೇ ಇನ್ನೊಂದು ಉಪಕರಣ ಹುಟ್ಟಿತು. ಮೆಲ್ಬರ್ನ್‌ನ ವೈಮಾನಿಕ ಪ್ರಯೋಗಾಲಯದಲ್ಲಿ ಇಂಧನಗಳ ರಸಾಯನಶಾಸ್ತ್ರಜ್ಞರಾಗಿದ್ದ ಡೇವಿಡ್ ವಾರನ್ ಬಾಲಕನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡವರು. 1934ರಲ್ಲಿ ಬಾಸ್ ಜಲಸಂಧಿಯ ಮೇಲೆ ಕಾಣೆಯಾದ ವಿಮಾನದಲ್ಲಿ ಅವರ ತಂದೆ ಇದ್ದರು. ಕೊನೆಯ ಗಳಿಗೆಯಲ್ಲಿ ಕಾಕ್‌ಪಿಟ್‌ನಲ್ಲಿ ಆಡಿದ ಮಾತು ಉಳಿದಿದ್ದರೆ ಎಷ್ಟೋ ಊಹೆಗಳು ಬೇಕಾಗುತ್ತಿರಲಿಲ್ಲ ಎಂದು ಯೋಚಿಸಿ ಅವರು 1950ರ ದಶಕದಲ್ಲಿ ಧ್ವನಿಯನ್ನೂ ಉಪಕರಣಗಳ ಮಾಹಿತಿಯನ್ನೂ ದಾಖಲಿಸುವ ಯಂತ್ರ ಮಾಡಿದರು. ‘ಕಪ್ಪು ಪೆಟ್ಟಿಗೆ’ ಎಂದು ಜನ ಕರೆಯುವ ಇದರ ಬಣ್ಣ ಕಿತ್ತಳೆ. ಅವಶೇಷಗಳ ರಾಶಿಯಲ್ಲಿ ಬೇಗ ಕಣ್ಣಿಗೆ ಬೀಳಲೆಂದು. ಸಾಮಾನ್ಯವಾಗಿ ವಿಮಾನದ ಬಾಲದ ಭಾಗದಲ್ಲಿರುತ್ತದೆ, ಏಕೆಂದರೆ ಮೂತಿ ಮೊದಲು ನೆಲಕ್ಕೆ ಬಡಿದರೆ ಬಾಲಕ್ಕೆ ಪೆಟ್ಟು ಕಡಿಮೆ. ಇಂದಿನ ನೆನಪಿನ ಚಿಪ್‌ಗಳ ಕವಚ ಗುರುತ್ವದ 3,400 ಪಟ್ಟು ಆಘಾತವನ್ನೂ 1,100 ಡಿಗ್ರಿ ಸೆಲ್ಸಿಯಸ್‌ನ ಬೆಂಕಿಯನ್ನು ಒಂದು ಗಂಟೆಯವರೆಗೂ ತಾಳಬೇಕು. ನೀರಿಗೆ ಬಿದ್ದರೆ ಸಂಕೇತ ಕಳಿಸುವ ಸಾಧನ ಮೊದಲು 30 ದಿನ ಮಾತ್ರ ಕೆಲಸ ಮಾಡುತ್ತಿತ್ತು. 2009ರ ಜೂನ್ 1ರಂದು ಅಟ್ಲಾಂಟಿಕ್‌ಗೆ ಬಿದ್ದ ಏರ್ ಫ್ರಾನ್ಸ್ 447ರ ದಾಖಲೆಗಳು 3,900 ಮೀಟರ್ ಆಳದಲ್ಲಿ ಸಿಕ್ಕಿದ್ದು ಸುಮಾರು ಎರಡು ವರ್ಷಗಳ ಹುಡುಕಾಟದ ಬಳಿಕ. ಆ ಅನುಭವದಿಂದ ಅವಧಿ 90 ದಿನಕ್ಕೆ ಏರಿತು.

ಪೆಟ್ಟಿಗೆ ಸಿಕ್ಕರೆ ಎಲ್ಲ ಸಿಕ್ಕಿತು ಎಂದುಕೊಳ್ಳುವುದು ತಪ್ಪು. ಅದು ಏನಾಯಿತೆಂದು ಹೇಳುತ್ತದೆ, ಏಕಾಯಿತೆಂದು ಬಹಳ ಸಲ ಹೇಳುವುದಿಲ್ಲ. ಅದಕ್ಕೇ ತನಿಖಾಧಿಕಾರಿ ಸ್ಥಳಕ್ಕೆ ಹೋಗಬೇಕು. ಬೆಂಕಿ ಆರಿಸಿ, ಬದುಕಿದವರನ್ನು ಹೊರತೆಗೆದ ಮೇಲೆ ಜಾಗಕ್ಕೆ ಕಾವಲು ಹಾಕುತ್ತಾರೆ. ಯಾವ ಚೂರು ಎಲ್ಲಿ ಬಿತ್ತೆಂದು ನಕ್ಷೆ ಬರೆಯುತ್ತಾರೆ. ಮೂತಿ, ಬಾಲ, ಎರಡು ರೆಕ್ಕೆಯ ತುದಿಗಳು ಒಂದೇ ಕಡೆ ಇದ್ದರೆ ವಿಮಾನ ಇಡಿಯಾಗಿ ನೆಲ ಮುಟ್ಟಿತೆಂದು ಅರ್ಥ. ಒಂದು ಭಾಗ ಮೈಲಿಗಳಾಚೆ ಸಿಕ್ಕರೆ ಆಕಾಶದಲ್ಲೇ ಕಳಚಿತೆಂದು. ಎಂಜಿನ್ನಿನ ಬ್ಲೇಡುಗಳು ತಿರುಗುವ ದಿಕ್ಕಿಗೆ ಎದುರಾಗಿ ಬಾಗಿದ್ದರೆ ಬಡಿದಾಗ ಎಂಜಿನ್ ತಿರುಗುತ್ತಿತ್ತು. ಎಚ್ಚರಿಕೆ ದೀಪದ ಪುಟ್ಟ ಬಲ್ಬನ್ನೂ ಬಿಡುವುದಿಲ್ಲ: ಉರಿಯುತ್ತಿದ್ದ ತಂತಿ ಬಿಸಿಯಲ್ಲಿ ಮೆತ್ತಗಿರುವುದರಿಂದ ಆಘಾತಕ್ಕೆ ಎಳೆದುಕೊಂಡು ಉದ್ದವಾಗುತ್ತದೆ, ಆರಿದ್ದ ತಂತಿ ಪಟ್ಟನೆ ತುಂಡಾಗುತ್ತದೆ. ಸೂಕ್ಷ್ಮದರ್ಶಕದಡಿ ಈ ಎಳೆಯನ್ನು ನೋಡಿ ಆ ಕ್ಷಣ ಯಾವ ಎಚ್ಚರಿಕೆ ಹೊತ್ತಿತ್ತೆಂದು ಹೇಳಬಹುದು. ಮುರಿದ ಲೋಹದ ಮುಖದಲ್ಲಿ ಅಲೆಯಂಥ ಗೆರೆಗಳಿದ್ದರೆ ಬಿರುಕು ದಿನದಿನ ಬೆಳೆದದ್ದು. ಒರಟಾಗಿದ್ದರೆ ಒಮ್ಮೆಲೇ ಮುರಿದದ್ದು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಲೋಹತಜ್ಞರು ದಶಕಗಳಿಂದ ಇಂಥ ಮುರಿದ ಭಾಗಗಳನ್ನು ಪರೀಕ್ಷಿಸುತ್ತ ಬಂದಿದ್ದಾರೆ. ಸುದ್ದಿಯಲ್ಲಿ ಕಾಣದ ಈ ದುಡಿಮೆಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲವೆಂದೇ ಹೇಳಬೇಕು.

ಕೆಲವು ಸಾಕ್ಷ್ಯ ಉಳಿಯುವುದೇ ಇಲ್ಲ. 2008ರ ಜನವರಿ 17ರಂದು ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 777 ಲಂಡನ್ನಿನ ಹೀಥ್ರೊದಲ್ಲಿ ಶಕ್ತಿ ಕಳೆದುಕೊಂಡು ರನ್‌ವೇಗೆ ಮುಂಚೆಯೇ ಇಳಿಯಿತು. ಯಾರೂ ಸಾಯಲಿಲ್ಲ, ಆದರೆ ಎರಡೂ ಎಂಜಿನ್ನುಗಳಲ್ಲಿ ಏನೂ ದೋಷ ಕಾಣಲಿಲ್ಲ. ಇಂಧನ ಕೊಳವೆಗಳಲ್ಲಿ ಕಟ್ಟಿಕೊಂಡಿದ್ದ ಮಂಜುಗಡ್ಡೆ ಒಮ್ಮೆಲೇ ಹೋಗಿ ಇಂಧನವನ್ನು ಬಿಸಿಮಾಡುವ ಭಾಗದ ಮುಖಕ್ಕೆ ಅಡ್ಡವಾಗಿ, ಆಮೇಲೆ ಕರಗಿಹೋಗಿತ್ತು. ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ಮಂಜುಗಡ್ಡೆ ಕಟ್ಟಿಸಿ ನೋಡಿ ಇದನ್ನು ಪತ್ತೆಹಚ್ಚಿ, ಆ ಭಾಗದ ವಿನ್ಯಾಸವನ್ನೇ ಬದಲಿಸಿದರು. ಬೋಯಿಂಗ್ 737ರ ಚುಕ್ಕಾಣಿಯ ಪ್ರಕರಣ ಇನ್ನೂ ದೀರ್ಘ. 1991ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಬಿದ್ದ ವಿಮಾನದ ಕಾರಣ ತಿಳಿಯಲಿಲ್ಲವೆಂದು ಅಮೆರಿಕದ ಮಂಡಳಿ ಬರೆದು ಕಡತ ಮುಚ್ಚಿತ್ತು. 1994ರಲ್ಲಿ ಪಿಟ್ಸ್‌ಬರ್ಗ್ ಬಳಿ ಅದೇ ಬಗೆಯಲ್ಲಿ 132 ಜನ ಸತ್ತರು. 1996ರಲ್ಲಿ ಮೂರನೆಯ ವಿಮಾನದ ಚುಕ್ಕಾಣಿ ಹಾಗೆಯೇ ಹೊರಳಿತಾದರೂ ಅದು ಸುರಕ್ಷಿತವಾಗಿ ಇಳಿದು, ಅದರ ಪೈಲಟ್ ಏನಾಯಿತೆಂದು ಹೇಳಲು ಬದುಕಿದ್ದರು. ಚುಕ್ಕಾಣಿಯನ್ನು ನಡೆಸುವ, ಕೊರೆಯುವಷ್ಟು ತಣ್ಣಗಿದ್ದ ಕವಾಟಕ್ಕೆ ಬಿಸಿ ಎಣ್ಣೆ ಹಾಯಿಸಿದಾಗ ಅದು ಸಿಕ್ಕಿಹಾಕಿಕೊಂಡು, ಚುಕ್ಕಾಣಿ ಪೈಲಟ್ ಒತ್ತಿದ ದಿಕ್ಕಿಗೆ ವಿರುದ್ಧವಾಗಿ ತಿರುಗಬಹುದೆಂದು ಗೊತ್ತಾಯಿತು. ಆಮೇಲೆ 1991ರ ಕಡತವನ್ನು ತೆರೆದು ತೀರ್ಮಾನವನ್ನು ತಿದ್ದಿದರು. ಗೊತ್ತಾಗಲಿಲ್ಲ ಎಂದು ಬರೆಯುವ ಪ್ರಾಮಾಣಿಕತೆ ಇದ್ದುದರಿಂದಲೇ ಆ ಕಡತವನ್ನು ಮತ್ತೆ ತೆರೆಯಲು ದಾರಿಯಿತ್ತು.

ಯಂತ್ರದ ದೋಷ ಕಡಿಮೆಯಾದಷ್ಟೂ ತನಿಖೆಯ ಗಮನ ಮನುಷ್ಯರ ನಡುವಿನ ಸಂಬಂಧದತ್ತ ಹೊರಳಿತು. 1977ರ ಮಾರ್ಚ್ 27ರಂದು ಕ್ಯಾನರಿ ದ್ವೀಪಗಳ ಟೆನೆರಿಫೆಯಲ್ಲಿ ಮಂಜು ಮುಸುಕಿದ ರನ್‌ವೇ ಮೇಲೆ ಎರಡು ಬೋಯಿಂಗ್ 747ಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಎರಡರಲ್ಲೂ ಯಂತ್ರ ಕೆಟ್ಟಿರಲಿಲ್ಲ. ಕೆಎಲ್‌ಎಂ ವಿಮಾನದ ಕ್ಯಾಪ್ಟನ್ ಅನುಮತಿ ಸಿಗುವ ಮೊದಲೇ ಹೊರಟಿದ್ದರು. ಎದುರಿನ ವಿಮಾನ ರನ್‌ವೇಯಿಂದ ಸರಿದಿದೆಯೇ ಎಂದು ಫ್ಲೈಟ್ ಎಂಜಿನಿಯರ್ ಕೇಳಿದ ಅನುಮಾನಕ್ಕೆ ಬೆಲೆ ಸಿಗಲಿಲ್ಲ. ಇದರ ಬಳಿಕ ‘ಟೇಕಾಫ್’ ಎಂಬ ಮಾತನ್ನು ಹೊರಡಲು ಅನುಮತಿ ಕೊಡುವಾಗ ಅಥವಾ ರದ್ದುಮಾಡುವಾಗ ಮಾತ್ರ ಬಳಸಬೇಕೆಂಬ ಶಿಸ್ತು ಬಂತು. ಹಿರಿಯರಿಗೆ ಎದುರು ಹೇಳುವುದನ್ನೂ ಕಿರಿಯರ ಮಾತು ಕೇಳುವುದನ್ನೂ ಪಾಠವಾಗಿ ಕಲಿಸುವ ಸಿಬ್ಬಂದಿ ತರಬೇತಿ 1980ರ ದಶಕದಲ್ಲಿ ಬೇರೂರಿತು.

ಆ ಪಾಠ ಎಷ್ಟು ಕಷ್ಟದ್ದು ಎಂಬುದನ್ನು ಕನ್ನಡಿಗರು ಹತ್ತಿರದಿಂದ ಕಂಡಿದ್ದಾರೆ. 2010ರ ಮೇ 22ರ ಬೆಳಗಿನ ಜಾವ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಮಂಗಳೂರಿನ ಬಜಪೆ ನಿಲ್ದಾಣದಲ್ಲಿ ರನ್‌ವೇ ಮೀರಿ ಕಣಿವೆಗೆ ಉರುಳಿತು. 166 ಜನರಲ್ಲಿ 158 ಮಂದಿ ಸತ್ತರು, 8 ಜನ ಬದುಕಿದರು. ಕೊಲ್ಲಿಯಲ್ಲಿ ದುಡಿದು ರಜೆಗೆಂದು ಊರಿಗೆ ಬರುತ್ತಿದ್ದವರ, ಮಕ್ಕಳೊಂದಿಗೆ ಬರುತ್ತಿದ್ದ ತಾಯಂದಿರ ವಿಮಾನ ಅದು. ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅಧ್ಯಕ್ಷತೆಯ ವಿಚಾರಣಾ ನ್ಯಾಯಾಲಯ ವರದಿ ಕೊಟ್ಟಿತು.

ಗುಡ್ಡದ ನೆತ್ತಿಯ ರನ್‌ವೇಯೇ ಕಾರಣ ಎಂದು ಹೊರಗೆ ಮಾತು ಹಬ್ಬಿತ್ತು. ವರದಿ ಓದಿದವರಿಗೆ ಬೇರೆಯೇ ಚಿತ್ರ ಸಿಗುತ್ತದೆ. ಕಾಕ್‌ಪಿಟ್‌ನ ಎರಡು ಗಂಟೆ ಐದು ನಿಮಿಷಗಳ ಧ್ವನಿಮುದ್ರಣದಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ಮಾತೇ ಇಲ್ಲ, ಗೊರಕೆಯ ಸದ್ದಿದೆ. ದೇಹ ನಿದ್ದೆಗೆ ಎಳೆಯುವ ಬೆಳಗಿನ ಜಾವದಲ್ಲಿ ಎದ್ದವರಿಗೆ ತಕ್ಷಣ ಚುರುಕು ಬಂದಿರಲಿಲ್ಲ. ಮಂಗಳೂರಿನ ರೇಡಾರ್ ಎರಡು ದಿನಗಳಿಂದ ಕೆಟ್ಟಿದ್ದರಿಂದ ಇಳಿಯಲು ಅನುಮತಿ ಸಿಕ್ಕಿದ್ದು ಎಂದಿಗಿಂತ ತಡವಾಗಿ. ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದರು. ಇಳಿಯುವುದು ಬಿಟ್ಟು ಮತ್ತೆ ಮೇಲೇರಿ ಎಂಬ ಸೂಚನೆ ಅದು. ನೆಲ ಹತ್ತಿರವಾಗುತ್ತಿದೆಯೆಂದು ಯಂತ್ರವೂ ಕೂಗುತ್ತಿತ್ತು. 8,033 ಅಡಿ ಉದ್ದದ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿಯಾಚೆ. ನಿಲ್ಲಲು ಶುರುಮಾಡಿ, ಮನಸ್ಸು ಬದಲಿಸಿ, ಮತ್ತೆ ಏರಲು ನೋಡಿದರು. ಬಲರೆಕ್ಕೆ ರನ್‌ವೇಯ ತುದಿಯಲ್ಲಿದ್ದ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ಬಡಿಯಿತು. ಮೊದಲೇ ಪೂರ್ತಿ ಬ್ರೇಕ್ ಹಾಕಿದ್ದರೆ ವಿಮಾನ ರನ್‌ವೇಯೊಳಗೇ ನಿಲ್ಲುತ್ತಿತ್ತೆಂದು ಲೆಕ್ಕ ಹೇಳಿತು.

ವರದಿಯ ಒಂದು ಮಾತು ನನ್ನನ್ನು ಇಂದಿಗೂ ಕಾಡುತ್ತದೆ. ಕ್ಯಾಪ್ಟನ್ ಕೇಳದಿದ್ದರೆ ಸಹ ಪೈಲಟ್ ತಾನೇ ಹಿಡಿತ ತೆಗೆದುಕೊಳ್ಳಬಹುದೇ ಎಂಬ ಬಗ್ಗೆ ಕೈಪಿಡಿಗಳ ಸೂಚನೆಗಳು ಸ್ಪಷ್ಟವಾಗಿರಲಿಲ್ಲ. ಪ್ರಾಯಶಃ ಅದರಿಂದಲೇ ಅವರು ಹೇಳುತ್ತ ಹೋದರು, ಆದರೆ ಹಿಡಿತ ತೆಗೆದುಕೊಳ್ಳಲಿಲ್ಲ ಎನ್ನುತ್ತದೆ ಅದು. ಒಬ್ಬ ಕ್ಯಾಪ್ಟನ್‌ನ ತಪ್ಪೆಂದು ಮುಗಿಸಬಹುದಾಗಿದ್ದ ಪ್ರಕರಣವನ್ನು ಸಂಸ್ಥೆ ಬರೆದ ಕಾಗದದವರೆಗೆ ಒಯ್ದದ್ದೇ ಒಳ್ಳೆಯ ತನಿಖೆಯ ಗುರುತು.

ಬೆಂಗಳೂರಿನ ಅಪಘಾತ ಇದಕ್ಕೂ ಇಪ್ಪತ್ತು ವರ್ಷ ಹಿಂದಿನದು. 1990ರ ಫೆಬ್ರುವರಿ 14ರಂದು ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605, ಆಗಷ್ಟೇ ಸೇವೆಗೆ ಬಂದಿದ್ದ ಏರ್‌ಬಸ್ ಎ320, ಎಚ್‌ಎಎಲ್ ನಿಲ್ದಾಣದ ರನ್‌ವೇಗೆ ಮುಂಚೆ ಗಾಲ್ಫ್ ಮೈದಾನದಲ್ಲಿ ಬಿದ್ದು 92 ಜನ ಸತ್ತರು. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ವಿಚಾರಣೆ ನಡೆಸಿದರು. ಎಂಜಿನ್ನುಗಳು ನಿಷ್ಕ್ರಿಯ ಮಟ್ಟದಲ್ಲಿದ್ದು ವೇಗ ಕುಸಿಯುತ್ತಿದ್ದುದನ್ನು ಪೈಲಟ್‌ಗಳು ಹೊತ್ತಿಗೆ ಗಮನಿಸಲಿಲ್ಲ. ಇಳಿಯುವ ವೇಗದ ಗುಂಡಿಯ ಬದಲು ಎತ್ತರದ ಗುಂಡಿ ತಿರುಗಿಸಿರಬಹುದೆಂಬ ತೀರ್ಮಾನವೂ ಬಂತು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಾಕಸ್ತಾನದ ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ 349 ಜನ ಸತ್ತರು. ದೆಹಲಿಗೆ ಬರುವ, ಹೋಗುವ ವಿಮಾನಗಳು ಆಗ ಒಂದೇ ಇಕ್ಕಟ್ಟಿನ ದಾರಿಯಲ್ಲಿ ಸಾಗುತ್ತಿದ್ದವು. ನ್ಯಾಯಮೂರ್ತಿ ಆರ್. ಸಿ. ಲಹೋಟಿ ವಿಚಾರಣೆಯ ಬಳಿಕ ಎರಡೂ ದಾರಿ ಬೇರೆಯಾದವು. ಎದುರು ಬರುವ ವಿಮಾನದ ಬಗ್ಗೆ ಎಚ್ಚರಿಸುವ ಉಪಕರಣ ಭಾರತದ ಆಕಾಶದಲ್ಲಿ ಕಡ್ಡಾಯವಾಯಿತು. ಎಲ್ಲ ತನಿಖೆಗಳ ಫಲ ಹೀಗೆ ಬೇಗ ಕಣ್ಣಿಗೆ ಕಾಣುವುದಿಲ್ಲ.

ಭಾರತದಲ್ಲಿ ಬಹುಕಾಲ ಏರ್‌ಕ್ರಾಫ್ಟ್ ಕಾಯ್ದೆ 1934 ಮತ್ತು 1937ರ ನಿಯಮಗಳ ಅಡಿಯಲ್ಲಿ ದೊಡ್ಡ ಅಪಘಾತಗಳಿಗೆ ವಿಚಾರಣಾ ನ್ಯಾಯಾಲಯ, ಉಳಿದವಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅಧಿಕಾರಿಗಳು ಎಂಬ ಪದ್ಧತಿಯಿತ್ತು. ಲೈಸೆನ್ಸ್ ಕೊಡುವ, ತಪಾಸಣೆ ಮಾಡುವ ಇಲಾಖೆಯೇ ತನಿಖೆಯನ್ನೂ ಮಾಡಿದರೆ ತನ್ನ ಲೋಪವನ್ನು ತಾನೇ ಬರೆಯಬೇಕಾಗುತ್ತದೆ. ಸ್ವತಂತ್ರ ಸಂಸ್ಥೆ ಬೇಕೆಂದು ಮಂಗಳೂರಿನ ವರದಿಯೂ ಹೇಳಿತ್ತು. 2012ರ ಜುಲೈನಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೊ ಹುಟ್ಟಿತು. ಅದು ಮಹಾನಿರ್ದೇಶನಾಲಯದಿಂದ ಬೇರೆಯಾದರೂ ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲೇ ಇದೆ. ಅಮೆರಿಕದ ಮಂಡಳಿ 1967ರಲ್ಲಿ ಸ್ಥಾಪನೆಯಾಗಿ 1975ರಲ್ಲಿ ಸಾರಿಗೆ ಇಲಾಖೆಯಿಂದಲೇ ಹೊರಬಂದಿತು. ಆ ದೂರವನ್ನು ಭಾರತ ಇನ್ನೂ ಕ್ರಮಿಸಬೇಕಿದೆ.

2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ 171 ಬಿದ್ದು, ನೆಲದ ಮೇಲಿದ್ದವರೂ ಸೇರಿ 260 ಜನ ಸತ್ತಾಗ ಈ ಬ್ಯೂರೊ ಅದರ ತನಿಖೆ ಕೈಗೆತ್ತಿಕೊಂಡಿತು. ವಿಮಾನ ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಎರಡೂ ಎಂಜಿನ್ನುಗಳ ಇಂಧನ ಸ್ವಿಚ್‌ಗಳು ಒಂದು ಸೆಕೆಂಡಿನ ಅಂತರದಲ್ಲಿ ‘ಕಟಾಫ್’ಗೆ ಹೋದವೆಂದು ಪ್ರಾಥಮಿಕ ವರದಿ ಹೇಳಿತು. ಏಕೆ ಕಟ್ ಮಾಡಿದಿರಿ ಎಂದು ಒಬ್ಬ ಪೈಲಟ್ ಕೇಳಿದ್ದೂ, ತಾನು ಮಾಡಲಿಲ್ಲವೆಂದು ಇನ್ನೊಬ್ಬರು ಹೇಳಿದ್ದೂ ಅದರಲ್ಲಿತ್ತು. ಕಾರಣವನ್ನು ಅದು ಹೇಳಲಿಲ್ಲ. ಪ್ರಾಥಮಿಕ ವರದಿಯ ಕೆಲಸವೂ ಅದಲ್ಲ. ಆದರೂ ಟಿವಿ ಚರ್ಚೆಗಳು ಅಂದೇ ತೀರ್ಪು ಕೊಟ್ಟುಬಿಟ್ಟವು. ಸತ್ತ ಪೈಲಟ್‌ಗಳ ಮನೆಯವರಿಗೆ ಆಗುವ ನೋವು ಒಂದು ಕಡೆ. ಬದುಕಿರುವ ಪೈಲಟ್, ಎಂಜಿನಿಯರ್, ನಿಯಂತ್ರಕರು ನಾಳೆ ತನಿಖಾಧಿಕಾರಿಯ ಮುಂದೆ ಬಾಯಿ ಬಿಡಲು ಹೆದರುವುದು ಇನ್ನೊಂದು. ತನಿಖೆಗೆ ಕೊಟ್ಟ ಹೇಳಿಕೆಗಳನ್ನೂ ಕಾಕ್‌ಪಿಟ್ ಧ್ವನಿಯನ್ನೂ ಬೇರೆ ಉದ್ದೇಶಕ್ಕೆ ಬಳಸದಂತೆ 13ನೆಯ ಅನುಬಂಧ ರಕ್ಷಣೆ ಕೊಡುವುದು ಇದೇ ಕಾರಣಕ್ಕೆ.

ತನಿಖೆಯ ಕೊನೆಯ ಫಲ ಸುರಕ್ಷತಾ ಶಿಫಾರಸು. ತನಿಖಾ ಸಂಸ್ಥೆಗೆ ಆಜ್ಞೆ ಮಾಡುವ ಅಧಿಕಾರವಿಲ್ಲ, ಶಿಫಾರಸು ಮಾತ್ರ ಮಾಡಬಹುದು. ಬೇರೊಂದು ದೇಶಕ್ಕೆ ಶಿಫಾರಸು ಹೋದರೆ ಅದು 90 ದಿನಗಳೊಳಗೆ ಏನು ಮಾಡಿದೆ ಅಥವಾ ಏಕೆ ಮಾಡಲಿಲ್ಲ ಎಂದು ಉತ್ತರಿಸಬೇಕೆಂಬ ನಿಯಮವಿದೆ. ಆದರೆ ಉತ್ತರ ಬರೆಯುವುದು ಬೇರೆ, ಕಾಕ್‌ಪಿಟ್‌ನೊಳಗಿನ ಅಭ್ಯಾಸ ಬದಲಾಗುವುದು ಬೇರೆ.

2020ರ ಆಗಸ್ಟ್ 7ರ ಮಳೆಯ ರಾತ್ರಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ 1344 ಕೋಯಿಕ್ಕೋಡ್‌ನಲ್ಲಿ ಇಳಿಯಿತು. ಮಂಗಳೂರಿನ ವಿಮಾನದಂತೆ ಅದೂ ದುಬೈನಿಂದ ಬಂದದ್ದು, ಅದೂ ಬೋಯಿಂಗ್ 737-800, ಅದೂ ಗುಡ್ಡದ ಮೇಲಿನ ರನ್‌ವೇ. ಹಿಂಗಾಳಿಯಿತ್ತು. 8,858 ಅಡಿಯ ರನ್‌ವೇಯಲ್ಲಿ ನೆಲ ಮುಟ್ಟಿದ್ದು 4,438 ಅಡಿಯಾಚೆ. ತುದಿ ದಾಟಿ ಕೆಳಗೆ ಬಿದ್ದು ಮುರಿದ ವಿಮಾನದಲ್ಲಿದ್ದ 190 ಜನರಲ್ಲಿ ಇಬ್ಬರೂ ಪೈಲಟ್‌ಗಳು ಸೇರಿ 21 ಜನ ಸತ್ತರು. ಬ್ಯೂರೊದ ವರದಿ 2021ರಲ್ಲಿ ಹೊರಬಂತು. ಸಹ ಪೈಲಟ್ ‘ಗೋ ಅರೌಂಡ್’ ಎಂದಿದ್ದರು, ಕ್ಯಾಪ್ಟನ್ ಮುಂದುವರಿಸಿದರು, ಸಹ ಪೈಲಟ್ ಹಿಡಿತ ತೆಗೆದುಕೊಳ್ಳಲಿಲ್ಲ ಎಂದು ಅದರ ಕಾರಣಗಳ ಪಟ್ಟಿಯಲ್ಲಿದೆ. ಮಂಗಳೂರಿನ ಕಡತ ಮುಗಿದು ಆಗ ಸುಮಾರು ಹತ್ತು ವರ್ಷಗಳಾಗಿದ್ದವು.